ಎಡಿಟ್ ಮಾಡುವಾಗ ಬೆಚ್ಚಗೆ, ಮೊಬೈಲಲ್ಲಿ ನೋಡಿದರೆ ನೀಲಿ. ತಲೆ ಕೆಟ್ಟಿದೆ!

ಮಂಜುಮುಸುಕು:
ಮೂರು ದಿನದಿಂದ ಒಂದೇ ಫೋಟೊ ಹಿಡಿದುಕೊಂಡು ಕೂತಿದ್ದೇನೆ. ಬೆಳಗಿನ ಜಾವ, ಕೆರೆ ಮೇಲೆ ಮಂಜು, ಆಚೆ ದಡದ ಮನೆಯ ಕಿಟಕಿಯಲ್ಲಿ ಒಂದೇ ಒಂದು ದೀಪ. ಕ್ಲಿಕ್ ಮಾಡುವಾಗಲೇ ಫೋಟೊ ಹೇಗಿರಬೇಕು ಅಂತ ತಲೆಯಲ್ಲಿ ಪಕ್ಕಾ ಇತ್ತು. ಮಂಜು ಬೂದಿ ಬಣ್ಣ, ದೀಪ ಬೆಚ್ಚಗೆ, ನೋಡಿದವರಿಗೆ ಆ ಮನೆಯೊಳಗೆ ಹೋಗಬೇಕು ಅನ್ನಿಸಬೇಕು. ಎಡಿಟ್ ಮಾಡಿದೆ, ಸ್ಕ್ರೀನ್ ಮೇಲೆ ಹಾಗೇ ಬಂತು. ಎಕ್ಸ್‌ಪೋರ್ಟ್ ಮಾಡಿ ಮೊಬೈಲಲ್ಲಿ ನೋಡಿದರೆ ಎಲ್ಲಾ ನೀಲಿ. ಮನೆಯಲ್ಲ, ಶವಾಗಾರ! ನಾಲ್ಕು ಸಲ ಮಾಡಿದೆ, ಅದೇ ಕಥೆ. ಎಕ್ಸ್‌ಪೋರ್ಟ್ ಯಾಕೆ ಬಣ್ಣ ಕೆಡಿಸುತ್ತದೆ? ಸೆಟ್ಟಿಂಗ್ ಎಲ್ಲಾ ನಾರ್ಮಲ್ ಇದೆ.

ಪಿಕ್ಸೆಲ್‌ಪುಟ್ಟ:
ಕಲರ್ ಸ್ಪೇಸ್, ಅಂದರೆ ಫೈಲಿನ ಸಂಖ್ಯೆಗಳನ್ನು ಬಣ್ಣವಾಗಿ ಓದುವ ಪದ್ಧತಿ. ಕಣ್ಣು ಮುಚ್ಚಿ ಹೇಳುತ್ತೇನೆ. ಪ್ರೊಫೋಟೊ ಆರ್‌ಜಿಬಿಯಲ್ಲೋ ಅಡೋಬಿ ಆರ್‌ಜಿಬಿಯಲ್ಲೋ ಎಕ್ಸ್‌ಪೋರ್ಟ್ ಮಾಡುತ್ತಿದ್ದೀರಿ. ಮೊಬೈಲ್, ವೆಬ್‌ಗೆಲ್ಲಾ ಹೊಂದುವ ಎಸ್‌ಆರ್‌ಜಿಬಿ ಹಾಕಿ.

ಮಂಜುಮುಸುಕು:
ಎಸ್‌ಆರ್‌ಜಿಬಿಯೇ ಇದೆ.

ಪಿಕ್ಸೆಲ್‌ಪುಟ್ಟ:
ಇನ್ನೊಮ್ಮೆ ನೋಡಿ. ಹತ್ತರಲ್ಲಿ ಒಂಬತ್ತು ಸಲ ಇದೇ ಆಗಿರುತ್ತದೆ.

ಕತ್ತಲೆಕೋಣೆ:
ಯಾವ ಸಾಫ್ಟ್‌ವೇರ್? ರಾ ಫೈಲಾ (ಕ್ಯಾಮೆರಾದ ಕಚ್ಚಾ ಫೈಲ್), ಜೆಪೆಗ್ಗಾ? "ನಾರ್ಮಲ್" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ.

ಮಂಜುಮುಸುಕು:
ಲೈಟ್‌ರೂಮ್, ರಾ. ಅದು ಗೊತ್ತಿರುವುದೇ ಅಲ್ವಾ?

ಹಳೇರೀಲು:
ಬೆಳಗಿನ ಜಾವದ ಮಂಜು ನೀಲಿಯಾಗಿಯೇ ಇರುತ್ತದೆ. ಅದನ್ನು ಯಾಕೆ ಬದಲಿಸಬೇಕು? ಫಿಲ್ಮ್ ಕಾಲದಲ್ಲಿ ಕ್ಯಾಮೆರಾ ಕಂಡಿದ್ದೇ ಫೋಟೊ.

ಎಫ್‌ಎಂಟು:
ಫಿಲ್ಮ್ ಕಾಲದ ಮಾತು ಎತ್ತಿದ್ದು ನೀವೇ. ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡಿಸ್ ಹಳ್ಳಿಯ ಮೇಲೆ ಚಂದ್ರ ಮೂಡುವ ಫೋಟೊ ತೆಗೆದರು. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ತೆಳು ಮೋಡ ಕಾಣುತ್ತದೆ. ಆಮೇಲಿನವುಗಳಲ್ಲಿ ಆಕಾಶ ಕಪ್ಪೋ ಕಪ್ಪು. 1948ರಲ್ಲಿ ನೆಗೆಟಿವ್‌ನ ಕೆಳಭಾಗಕ್ಕೆ ಮಾತ್ರ ಮತ್ತೆ ರಾಸಾಯನಿಕ ಹಾಕಿ ಗಾಢ ಮಾಡಿದರು. ಅದು ಮಾಸ್ಕ್ (ಫೋಟೊದ ಒಂದು ಭಾಗಕ್ಕಷ್ಟೇ ಮಾಡುವ ಎಡಿಟ್) ಅಲ್ಲದೆ ಇನ್ನೇನು?

ಹಳೇರೀಲು:
ಅದು ಕಪ್ಪು-ಬಿಳುಪು. ಬಣ್ಣ ಬದಲಿಸಲಿಲ್ಲ.

ಎಫ್‌ಎಂಟು:
ಬಣ್ಣವನ್ನೇ ಪೂರ್ತಿ ತೆಗೆದುಹಾಕಿದ್ದು ಬದಲಾವಣೆ ಅಲ್ವಾ?

ಪಿಕ್ಸೆಲ್‌ಪುಟ್ಟ:
ಜಗಳ ಬಿಡಿ. ಒಳ್ಳೆ ಮಾನಿಟರ್ ಇದ್ದರೆ ಈ ಪ್ರಶ್ನೆಯೇ ಬರಲ್ಲ. ನನ್ನದು 10 ಬಿಟ್ ಪ್ಯಾನೆಲ್. ತಿಂಗಳಿಗೊಮ್ಮೆ ಕ್ಯಾಲಿಬ್ರೇಟ್ ಮಾಡುತ್ತೇನೆ, ಬ್ರೈಟ್‌ನೆಸ್ 120 ನಿಟ್ಸ್, ವೈಟ್ ಪಾಯಿಂಟ್ 6,500 ಕೆಲ್ವಿನ್. ಹಿಂದಿನ ಗೋಡೆಗೂ ಬೂದಿ ಬಣ್ಣ ಹೊಡೆಸಿದ್ದೇನೆ. ಮತ್ತೆ ಹೇಳುತ್ತೇನೆ, ಯಾವ ಕಲರ್ ಸ್ಪೇಸ್ ಅಂತ ಹೇಳುವ ಪ್ರೊಫೈಲ್ ಫೈಲಿನಲ್ಲಿ ಎಂಬೆಡ್ ಆಗಿದೆಯಾ ನೋಡಿ.

ಕತ್ತಲೆಕೋಣೆ:
ಪುಟ್ಟ ಅವರೇ, ಪ್ರೊಫೈಲ್ ತಪ್ಪಿದರೆ ಬಣ್ಣ ಪೇಲವ ಆಗುತ್ತದೆ. ಆದರೆ ಬೂದಿ ಬೂದಿಯಾಗಿಯೇ ಉಳಿಯುತ್ತದೆ, ಯಾಕಂದರೆ ಅಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸಮ. ಇವರಿಗೆ ಬೂದಿಯೇ ನೀಲಿಯಾಗಿದೆ. ಅದು ಬೇರೆ ರೋಗ.

ಮಂಜುಮುಸುಕು, ಮಂಜಿನ ಮೇಲೆ ಕರ್ಸರ್ ಇಟ್ಟು ಹಿಸ್ಟೋಗ್ರಾಮ್ (ಬೆಳಕಿನ ಗ್ರಾಫ್) ಕೆಳಗಿನ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆ ಬರೆಯಿರಿ. ಟೆಂಪ್ (ಬಣ್ಣ ಬೆಚ್ಚಗೆ-ತಣ್ಣಗೆ ಮಾಡುವ ಸ್ಲೈಡರ್) ಎಷ್ಟಿದೆ, ಕ್ಯಾಮೆರಾ ಕೊಟ್ಟಿದ್ದು ಎಷ್ಟಿತ್ತು?

ಮಂಜುಮುಸುಕು:
ಆರ್ 54, ಜಿ 60, ಬಿ 71. ಟೆಂಪ್ 4,100. ಮೊದಲು 5,600 ಇತ್ತು, ತುಂಬಾ ಹಳದಿ ಕಾಣುತ್ತಿತ್ತು ಅಂತ ಇಳಿಸಿದೆ. ಇನ್ನೊಂದು ವಿಚಿತ್ರ. ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿದರೂ ನೀಲಿ. ಮೊಬೈಲ್ ಕ್ಯಾಮೆರಾದಲ್ಲೇ ಸ್ಕ್ರೀನಿನ ಫೋಟೊ ತೆಗೆದರೆ ಬೆಚ್ಚಗಿದೆ!

ಕತ್ತಲೆಕೋಣೆ:
ಸಿಕ್ಕಿಬಿತ್ತು. ಮೂರರಲ್ಲಿ ಬಿ ದೊಡ್ಡದು, ಅಂದರೆ ನೀಲಿ ಬಣ್ಣ ಫೈಲಿನೊಳಗೇ ಇದೆ. ಎಕ್ಸ್‌ಪೋರ್ಟ್ ಪಾಪ ಏನೂ ಮಾಡಿಲ್ಲ. ಎಡಿಟ್ ಮಾಡುವುದು ರಾತ್ರಿನಾ? ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಆನ್ ಇದೆಯಾ?

ಮಂಜುಮುಸುಕು:
ರಾತ್ರಿ ಊಟ ಆದಮೇಲೆಯೇ. ನೈಟ್ ಲೈಟ್ ಇದೆ, ಸಂಜೆ ತಾನೇ ಆನ್ ಆಗುತ್ತದೆ. ಅದು ಕಣ್ಣು ಉರಿಯಬಾರದು ಅಂತ ಹಾಕಿದ್ದು. ಅದಕ್ಕೂ ಫೋಟೊಗೂ ಏನು ಸಂಬಂಧ?

ಎಫ್‌ಎಂಟು:
ಹಳದಿ ಕನ್ನಡಕ ಹಾಕಿಕೊಂಡು ಸುಣ್ಣ ಹೊಡೆದಿದ್ದೀರಿ ಮಾರಾಯ್ರೇ. ಗೋಡೆ ಹಳದಿ ಕಂಡಿತು ಅಂತ ಬಕೆಟ್‌ಗೆ ನೀಲಿ ಸುರಿದಿದ್ದೀರಿ. ಆ ಹಳದಿ ಬರುವುದು ಪರದೆಗೆ ಹೋಗುವ ಕೊನೆಯ ಹಂತದಲ್ಲಿ. ಅದಕ್ಕೇ ಸ್ಕ್ರೀನ್‌ಶಾಟ್‌ಗೆ ಸಿಗಲಿಲ್ಲ.

ಮಂಜುಮುಸುಕು:
ಅಯ್ಯೋ ದೇವರೇ. ಆಫ್ ಮಾಡಿದೆ, 5,600ಕ್ಕೆ ವಾಪಸ್ ಹಾಕಿದೆ. ಮಂಜು ಬೂದಿ ಆಯಿತು. ಆದರೆ ದೀಪ ನಡುವೆ ಬೆಳ್ಳಗೆ ಸುಟ್ಟಿದೆ, ಇಡೀ ಫೋಟೊ ಸಪ್ಪೆ. ನನ್ನ ತಲೆಯಲ್ಲಿದ್ದದ್ದು ಇದಲ್ಲ.

ಕತ್ತಲೆಕೋಣೆ:
ಒಂದೇ ಸ್ಲೈಡರ್‌ನಲ್ಲಿ ಎರಡು ಬೆಳಕನ್ನು ಸಂಭಾಳಿಸಲು ಆಗಲ್ಲ. ಮಂಜನ್ನು ಪೂರ್ತಿ ಬೂದಿ ಮಾಡಬೇಡಿ, ಒಂದು ಚೂರು ತಣ್ಣಗಿರಲಿ, 5,200ರ ಸುತ್ತ. ಸುತ್ತ ತಣ್ಣಗಿದ್ದರೇನೇ ದೀಪ ಬೆಚ್ಚಗೆ ಕಾಣುವುದು. ಕಿಟಕಿಗೆ ರೇಡಿಯಲ್ (ದುಂಡನೆಯ) ಮಾಸ್ಕ್ ಹಾಕಿ ಹೈಲೈಟ್ಸ್ (ತುಂಬಾ ಬೆಳಕಿರುವ ಭಾಗ) ಇಳಿಸಿ, ಟೆಂಪ್ ಏರಿಸಿ, ಫೆದರ್ (ಅಂಚಿನ ಮಸುಕು) ಜಾಸ್ತಿ ಇಡಿ. ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಸುಟ್ಟಿದ್ದರೆ ಬಣ್ಣ ವಾಪಸ್ ಬರಲ್ಲ. ಒಂದರಲ್ಲಾದರೂ ಉಳಿದಿದ್ದರೆ ರಾ ಫೈಲಿನಲ್ಲಿ ಏನಾದರೂ ಸಿಗಬಹುದು. 14 ಬಿಟ್ ಅಂದರೆ ಚಾನೆಲ್‌ಗೆ 16,384 ಹಂತ, ಜೆಪೆಗ್‌ನಲ್ಲಿ ಬರೀ 256. ಮುಖ್ಯವಾಗಿ ನೀರಿನಲ್ಲಿರುವ ದೀಪದ ಬಿಂಬಕ್ಕೂ ಒಂದು ಮಾಸ್ಕ್ ಹಾಕಿ, ಅರ್ಧದಷ್ಟು ಸಾಕು. ಅದನ್ನು ಮರೆತರೆ ಕಿಟಕಿ ಅಂಟಿಸಿದ ಹಾಗೆ ಕಾಣುತ್ತದೆ.

ಹಳೇರೀಲು:
ನೋಡಿ, ಕೊನೆಗೆ ದೀಪಕ್ಕೆ ಬಣ್ಣ ಬಳಿಯುವುದಕ್ಕೇ ಬಂತು.

ಮಂಜುಮುಸುಕು:
ಸಾರ್, ನಾನು ಅಲ್ಲಿ ನಿಂತಿದ್ದೆ. ದೀಪ ಹಳದಿಯೇ ಇತ್ತು.

ಮಂಜುಮುಸುಕು (ಮಾರನೇ ದಿನ):
ಬಂತು! ಟೆಂಪ್ 5,150, ಕಿಟಕಿ ಮಾಸ್ಕ್ +28, ಬಿಂಬ +14. ನಡುವಿನ ಒಂದು ಚುಕ್ಕೆ ಬಿಳಿಯಾಗಿಯೇ ಉಳಿಯಿತು, ಪರವಾಗಿಲ್ಲ. ಮೊಬೈಲಲ್ಲೂ ಹಾಗೇ ಇದೆ. ಈಗ ಇನ್ನೊಂದು ತಲೆನೋವು. ನೈಟ್ ಲೈಟ್ ಹಾಕಿಕೊಂಡು ಎಂಟು ತಿಂಗಳಾಯಿತು. ಆಮೇಲೆ ಎಡಿಟ್ ಮಾಡಿದ್ದನ್ನೆಲ್ಲಾ ತೆಗೆದು ನೋಡುತ್ತಿದ್ದೇನೆ. ತಂಗಿಯ ಮದುವೆ ಫೋಟೊ ಕೂಡ ಅದರಲ್ಲಿದೆ. ಮದುಮಗ ಸೇರಿ ಎಲ್ಲರೂ ನೀಲಿ.

ಪಿಕ್ಸೆಲ್‌ಪುಟ್ಟ:
ಆದರೂ ಎಸ್‌ಆರ್‌ಜಿಬಿ ಒಮ್ಮೆ ನೋಡಿಬಿಡಿ.

ಹೊಸಲೆನ್ಸು:
@ಪಿಕ್ಸೆಲ್‌ಪುಟ್ಟ ಗೋಡೆಗೆ ಹೊಡೆಸಿದ್ದು ಮ್ಯಾಟ್ ಪೇಂಟಾ, ಗ್ಲಾಸಿ ಪೇಂಟಾ?