ಪಾದದ ಗಂಟುನೋವು: ಉಡುಪಿಯ ಮೂಳೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕಾಪುವಿನಿಂದ): ಡಾಕ್ಟ್ರೇ, ನಮಸ್ಕಾರ. ಅಮ್ಮನಿಗೆ 61 ವರ್ಷ. ಬಲಗಾಲಿನ ಪಾದದ ಗಂಟು ತುಂಬಾ ನೋವು. ಬೆಳಿಗ್ಗೆ ಎದ್ದ ಕೂಡಲೇ ಬಿಗಿ ಇರುತ್ತದೆ, ಹತ್ತು ನಿಮಿಷ ಓಡಾಡಿದರೆ ಸಡಿಲ ಆಗುತ್ತದೆ. ಸಂಜೆಗೆ ಊದುತ್ತದೆ. ಮದುವೆಗೆ ಮೊದಲು ತೋಟದಲ್ಲಿ ಜಾರಿ ಬಿದ್ದು ಅದೇ ಕಾಲು ಮುರಿದಿತ್ತಂತೆ. ಮೆಡಿಕಲ್‌ನಿಂದ ತಂದ ನೋವಿನ ಮಾತ್ರೆ ನುಂಗಿದ ದಿನ ಆರಾಮ. ಎಲ್ಲರೂ "ವಾತ, ವಯಸ್ಸಾಯ್ತಲ್ಲ" ಅಂತಾರೆ. ಆಪರೇಷನ್ ಬೇಕಾಗುತ್ತದಾ?

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ. ನೀವು ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, ಆ ಹಳೇ ಮುರಿತ, ಕಾರಣ ಅದೇ ಇರಬಹುದು. ಮೊಣಕಾಲು ವಯಸ್ಸಿಗೆ ಸವೆಯುತ್ತದೆ. ಪಾದದ ಗಂಟು ಹಾಗೆ ತಾನಾಗಿ ಸವೆಯುವುದು ಕಡಿಮೆ. ಇಲ್ಲಿ ಸವೆತದ ಆರ್ಥ್ರೈಟಿಸ್ ಬಂದವರಲ್ಲಿ ಸುಮಾರು 70% ಜನರಿಗೆ ಹಿಂದೆ ಮುರಿತವೋ ದೊಡ್ಡ ಉಳುಕೋ ಆಗಿರುತ್ತದೆ. ಅವತ್ತು ಪೆಟ್ಟು ತಿಂದ ಮೃದ್ವಸ್ಥಿ ಇಪ್ಪತ್ತು ಮೂವತ್ತು ವರ್ಷ ಬಿಟ್ಟು ತೊಂದರೆ ಕೊಡುತ್ತದೆ.

ಬಿಗಿತ ಬೇಗ ಸಡಿಲ ಆಗುವುದೂ ಸವೆತದ ಲಕ್ಷಣವೇ. ಒಂದು ಗಂಟೆ ಕಳೆದರೂ ಬಿಡದಿದ್ದರೆ, ಎರಡೂ ಪಾದ, ಕೈಬೆರಳ ಗಂಟುಗಳೂ ಊದಿದರೆ ಅದು ರುಮಟಾಯ್ಡ್ (ದೇಹದ ರಕ್ಷಣಾ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ವಾತ) ಇರಬಹುದು. ಅದರ ದಾರಿಯೇ ಬೇರೆ, ರಕ್ತಪರೀಕ್ಷೆ ಮಾಡಿಸಿ ಬೇಗ ಮದ್ದು ಶುರು ಮಾಡಬೇಕು. ಚಿಕುನ್‌ಗುನ್ಯಾ ಬಂದು ಹೋದವರಿಗೂ ತಿಂಗಳುಗಟ್ಟಲೆ ಪಾದದ ಗಂಟು ನೋಯುವುದುಂಟು.

ಎಕ್ಸ್‌ರೇ ತೆಗೆಸುವಾಗ ಅಮ್ಮ ನಿಂತಿರಬೇಕು. ಮಲಗಿಸಿ ತೆಗೆದರೆ ಭಾರ ಬೀಳುವುದಿಲ್ಲ, ಮೂಳೆಗಳ ನಡುವಿನ ಸಂದು ಚೆನ್ನಾಗಿಯೇ ಕಾಣುತ್ತದೆ. "ನಾರ್ಮಲ್ ಅಂದ್ರು ಡಾಕ್ಟ್ರೇ" ಅಂತ ಅಂಥ ಫಿಲ್ಮ್ ಹಿಡಿದುಕೊಂಡು ಬರುವವರು ಸಾಕಷ್ಟು ಜನ.

ಮಾತ್ರೆಗಿಂತ ಮೊದಲು ಚಪ್ಪಲಿ ನೋಡಿ. ನಮ್ಮಲ್ಲಿ ಮನೆಯೊಳಗೆ ಬರಿಗಾಲು, ಹೊರಗೆ ಹವಾಯಿ ಚಪ್ಪಲಿ. ಎರಡೂ ಈ ಗಂಟಿಗೆ ಆಗುವುದಿಲ್ಲ. ತಳ ಗಟ್ಟಿ ಇರಬೇಕು, ಮುಂದಿನ ತುದಿ ಸ್ವಲ್ಪ ಮೇಲೆ ಬಾಗಿರಬೇಕು, ಹಿಮ್ಮಡಿಗೆ ಪಟ್ಟಿ ಇರಬೇಕು. ಆಗ ಗಂಟು ಜಾಸ್ತಿ ಮಡಚುವ ಕೆಲಸ ತಪ್ಪುತ್ತದೆ. ಮನೆಯೊಳಗೆ ಚಪ್ಪಲಿ ಹಾಕ್ಲಿಕ್ಕಿಲ್ಲ ಅಂತ ಅಮ್ಮ ಹೇಳ್ತಾರೆ, ಗೊತ್ತು. ಒಳಗೆ ಮಾತ್ರ ಹಾಕುವ ಒಂದು ಹೊಸ ಜೊತೆ ಇಡಿ, ದೇವರ ಕೋಣೆ ಬಾಗಿಲಲ್ಲಿ ಬಿಟ್ಟರಾಯ್ತು.

ಜಾಸ್ತಿ ನಡೆಯುವ ದಿನ ಗಂಟಿಗೆ ಬೆಲ್ಟ್. ಊರುಗೋಲು ಹಿಡಿಯುವುದಾದರೆ ಎಡಗೈಯಲ್ಲಿ, ನೋವಿನ ಕಾಲಿನ ಕಡೆ ಅಲ್ಲ. ದಿನಾ ಕೂತುಕೊಂಡು ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಲಿ, ಗಂಟು ಎಲ್ಲ ದಿಕ್ಕಿಗೂ ಆಡುತ್ತದೆ. ತೂಕ ಇದ್ದರೆ ಇಳಿಸಬೇಕು. ನೋವಿನ ಮಾತ್ರೆ ಕೇಳದೆ ನುಂಗುತ್ತಾ ಹೋದರೆ ಕಿಡ್ನಿಗೂ ಹೊಟ್ಟೆಗೂ ಪೆಟ್ಟು, ಬಿಪಿ ಇದ್ದವರಿಗೆ ಇನ್ನೂ ಕಷ್ಟ. ಮೊದಲು ಹಚ್ಚುವ ಜೆಲ್ ನೋಡಿ.

ಆಪರೇಷನ್ ಕೊನೆಯ ಮಾತು. ಗಂಟನ್ನು ಬೆಸೆದುಬಿಡುವುದೇ ಇದರಲ್ಲಿ ಹಳೇ, ನಂಬಿಕೆಯ ದಾರಿ. ನೋವು ಹೋಗುತ್ತದೆ, ಗಂಟು ಮಡಚುವುದಿಲ್ಲ. ಕೃತಕ ಗಂಟೂ ಇದೆ, ಆದರೆ ಎಲ್ಲರಿಗೂ ಹೊಂದುವುದಿಲ್ಲ.

ಪ್ರಶ್ನೆ (ಮಲ್ಪೆಯಿಂದ): ನನಗೆ 46. ರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಜೀವ ಹೋದಂಗೆ. ಮಾರನೇ ದಿನ ಯೂರಿಕ್ ಆ್ಯಸಿಡ್ ನೋಡಿದರೆ ನಾರ್ಮಲ್. ಬೂತಾಯಿ ಮೀನು ಬಿಡಬೇಕಾ ಡಾಕ್ಟ್ರೇ?

ಉತ್ತರ: ನೋಡದೆ ಖಚಿತ ಹೇಳಲಾರೆ, ಆದರೆ ಯೂರಿಕ್ ಆ್ಯಸಿಡ್ ಹರಳು ಗಂಟಿನಲ್ಲಿ ಕೂತು ಬರುವ ಗೌಟ್‌ನ ಹಾಗೇ ಇದೆ. ನೋವು ಜೋರಿದ್ದಾಗ ಯೂರಿಕ್ ಆ್ಯಸಿಡ್ ನಾರ್ಮಲ್ ತೋರಿಸಬಹುದು. ಎರಡು ವಾರ ಕಳೆದು ಮತ್ತೆ ಮಾಡಿಸಿ. ಮತ್ತೆ ಮತ್ತೆ ಬರುವವರಿಗೆ ಮದ್ದು ಕೊಟ್ಟು ಯೂರಿಕ್ ಆ್ಯಸಿಡ್ 6 mg/dLಗಿಂತ ಕೆಳಗೆ ಇಡುತ್ತೇವೆ. ಜ್ವರ, ಚಳಿ ಇದ್ದರೆ ಕಾಯಬೇಡಿ. ಗಂಟಿನೊಳಗೆ ಕೀವಾದರೂ ಹೀಗೇ ಕಾಣುತ್ತದೆ.

ಬೂತಾಯಿ, ಮರುವಾಯಿ (ಚಿಪ್ಪುಮೀನು), ಲಿವರ್ ಕಡಿಮೆ ಮಾಡಿ. ಮಲ್ಪೆಯಲ್ಲಿದ್ದು ಮೀನೇ ಬಿಡಿ ಅನ್ನುವಷ್ಟು ಕಟುಕ ನಾನಲ್ಲ ಮಾರಾಯ್ರೆ. ಬಿಡಬೇಕಾದದ್ದು ಬಿಯರ್, ಜೊತೆಗೆ ಸಿಹಿ ಸೋಡಾ, ಕೂಲ್‌ಡ್ರಿಂಕ್ಸ್. ಬೇಳೆಕಾಳು ಬಿಡಿ ಅಂತ ವಾಟ್ಸ್ಆ್ಯಪ್‌ನಲ್ಲಿ ಬರುವ ಪಟ್ಟಿ ನಂಬಬೇಡಿ. ಪಥ್ಯ ಒಂದರಿಂದಲೇ ಹತೋಟಿಗೆ ಬರುವವರು ಕಡಿಮೆ ಅನ್ನುವುದೂ ನೆನಪಿರಲಿ. ಬಿಪಿಗೆ ನೀರಿಳಿಸುವ ಮಾತ್ರೆ ತಗೊಳ್ತಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ.

ಪ್ರಶ್ನೆ (ಬ್ರಹ್ಮಾವರದಿಂದ): ಹವ್ಯಾಸಿ ಯಕ್ಷಗಾನದವನು ಸರ್. ಕಾಲಿನ ಹೆಬ್ಬೆರಳು ಮೇಲಕ್ಕೆ ಏಳುವುದೇ ಇಲ್ಲ, ಬುಡದ ಮೇಲೆ ಗಂಟು ಬೆಳೆದಿದೆ. ಧೀಂಗಿಣ (ಗಿರಕಿ ಹೊಡೆಯುತ್ತಾ ಹಾರುವ ಕುಣಿತ) ಹಾಕಿದರೆ ಮರುದಿನ ಕುಂಟುತ್ತೇನೆ.

ಉತ್ತರ: ಹೆಬ್ಬೆರಳ ಬುಡದ ಸವೆತ ಇದ್ದೀತು. ಬೆರಳು ಮಡಚದ ಗಟ್ಟಿ ತಳದ ಶೂ ದಿನವಿಡೀ ಹಾಕಿ. ಕುಣಿಯುವ ದಿನ ಫಿಸಿಯೋ ಹತ್ತಿರ ಬೆರಳಿಗೆ ಟೇಪ್ ಸುತ್ತಿಸಿಕೊಳ್ಳಿ. ಈ ಸೀಸನ್ ಧೀಂಗಿಣ ಕಡಿಮೆ ಇರಲಿ, ಮಾತುಗಾರಿಕೆ ಜಾಸ್ತಿ ಇರುವ ವೇಷ ಕೇಳಿ ನೋಡಿ! ಅದೂ ಆಗದಿದ್ದರೆ ಬೆಳೆದ ಮೂಳೆ ಕೆತ್ತಿ ತೆಗೆಯುವ ಸಣ್ಣ ಆಪರೇಷನ್ ಇದೆ.

ಪ್ರಶ್ನೆ (ಸುರತ್ಕಲ್‌ನಿಂದ): ನಮ್ಮ ಯಜಮಾನರಿಗೆ ತುಂಬಾ ವರ್ಷದಿಂದ ಶುಗರ್. ಒಂದು ಪಾದ ಊದಿ ಬಿಸಿಯಾಗಿದೆ, ಕೆಂಪಾಗಿದೆ. ನೋವೇನೂ ಇಲ್ಲ. ತೈಲ ಹಚ್ಚಿ ತಿಕ್ಕುತ್ತಿದ್ದೇವೆ.

ಉತ್ತರ: ತಿಕ್ಕುವುದು ನಿಲ್ಲಿಸಿ ಅಕ್ಕ. ಆ ಕಾಲು ನೆಲಕ್ಕೆ ಊರಿಸಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶುಗರ್‌ನಿಂದ ನರ ಸತ್ತಿದ್ದರೆ ನೋವು ಗೊತ್ತಾಗುವುದಿಲ್ಲ, ಒಳಗೆ ಮೂಳೆ ಪುಡಿಯಾಗುತ್ತಿರಬಹುದು. ಶಾರ್ಕೋ ಪಾದ ಅನ್ನುತ್ತಾರೆ. ಸೋಂಕೂ ಇರಬಹುದು.

ಮತ್ತೆ ಕಾಪುವಿನವರು: ಥ್ಯಾಂಕ್ಸ್ ಡಾಕ್ಟ್ರೇ. ಅಮ್ಮನಿಗೆ ಎಂಸಿಆರ್ (ಮೆತ್ತಗಿನ ವಿಶೇಷ ರಬ್ಬರಿನ) ಚಪ್ಪಲಿ ತಂದರೆ ಸಾಕಾ?

ಉತ್ತರ: ಎಂಸಿಆರ್ ಮೆತ್ತಗಿರುತ್ತದೆ, ಶುಗರ್‌ನವರ ಅಂಗಾಲಿಗೆ ಒಳ್ಳೆಯದು. ಅಮ್ಮನಿಗೆ ಬೇಕಾದದ್ದು ಗಟ್ಟಿ ತಳ. ಅಂಗಡಿಯಲ್ಲಿ ಹಿಂದೆ ಮುಂದೆ ಹಿಡಿದು ಬಾಗಿಸಿ ನೋಡಿ. ನಡುವಲ್ಲಿ ಮಡಚಿದರೆ ಬೇಡ. ಕಾಲು ಊದುವುದು ಸಂಜೆಗಲ್ವಾ, ಅಮ್ಮನನ್ನು ಸಂಜೆಯೇ ಕರೆದುಕೊಂಡು ಹೋಗಿ ಅಳತೆ ನೋಡಿ.