ಸಹಾಯ ಬೇಕು: ಕುಶಾಲನಗರ ಎರಡು ದಿನ, ಜೊತೆಗೆ ಮಂಡಿನೋವಿನ ಅಜ್ಜಿ

ಕೊಡಗಿನವರೇ, ಈ ವಾರಾಂತ್ಯಕ್ಕೆ ಬೆಂಗಳೂರಿಂದ ಆರು ಜನ. ಶನಿವಾರ ಬೆಳಗ್ಗೆ ಐದಕ್ಕೆ ಬಿಟ್ಟು ಮೈಸೂರು, ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರ. ಆನೆ ಸ್ನಾನ ಬೆಳಗ್ಗೆ ಮಾತ್ರ, ಹೊರಟ ದಿನವೇ ದುಬಾರೆ ಆನೆ ಶಿಬಿರ ಅಂದರೆ ತಪ್ಪಿಹೋಗುತ್ತೆ. ಅದಕ್ಕೇ ಮೊದಲ ದಿನ ನಿಸರ್ಗಧಾಮ, ಬೈಲಕುಪ್ಪೆ. ಭಾನುವಾರ ಎದ್ದ ಕೂಡಲೇ ದುಬಾರೆ.

ಅಡಚಣೆ ಹೊಳೆ ದಾಟೋದು, ಶಿಬಿರ ಇರೋದು ಕಾವೇರಿಯ ಆಚೆ ದಡದಲ್ಲಿ. ನೀರು ಜಾಸ್ತಿಯಾದರೆ ದೋಣಿ ನಿಲ್ಲಿಸ್ತಾರೆ, ತೀರಾ ಇಳಿದರೆ ಬಂಡೆ ಮೇಲೆ ನಡೆದು ದಾಟಬೇಕು. ಪಾಚಿ ಕಟ್ಟಿದ ಬಂಡೆ ಅಜ್ಜಿಗೆ ಆಗದ ಮಾತು. ಹಾರಂಗಿ ಡ್ಯಾಮಿನ ಮಟ್ಟ ನೋಡಿ ಹೇಳಬೇಡಿ, ದಯವಿಟ್ಟು! ಆ ನೀರು ಕಾವೇರಿಗೆ ಸೇರೋದು ಕೂಡಿಗೆಯಲ್ಲಿ, ದುಬಾರೆಗಿಂತ ಕೆಳಗೆ. ದುಬಾರೆಯಲ್ಲಿ ನೀರು ಏರೋದು ಭಾಗಮಂಡಲ, ನಾಪೋಕ್ಲು ಕಡೆ ಮಳೆ ಹೊಡೆದಾಗ.

ಈಗ ದೋಣಿ ನಡೀತಿದೆಯಾ? ದೋಣಿ ಹತ್ತೋ ಕಡೆ ಮೆಟ್ಟಿಲಿಗೆ ಹಿಡಿಕೆ ಇದೆಯಾ? ಕುಶಾಲನಗರ–ಗುಡ್ಡೆಹೊಸೂರು ಮಧ್ಯೆ ನೆಲಮಹಡಿ ರೂಮು, ಕಮೋಡ್ ಇರೋ ಹೋಂಸ್ಟೇ ಗೊತ್ತಿದ್ದರೆ ತಿಳಿಸಿ. "ರಿವರ್ ವ್ಯೂ" ಬೇಡ, ಬಾತ್‌ರೂಮ್ ಜಾರದಿದ್ದರೆ ಸಾಕು. ಭಾಗಮಂಡಲ ಈ ಸಲ ಬಿಟ್ಟಿದ್ದೇವೆ. ಮಡಿಕೇರಿ ದಾಟಿ ಹೋಗಿಬರೋದಕ್ಕೇ ಅರ್ಧ ದಿನ.