ತುರ್ತು: ‘ಇಂಟ್ರೋಗ್ರೆಶನ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗಕ್ಕೆ ನಮಸ್ಕಾರ.

ಮಾನವ ವಿಕಾಸದ ಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ‘ಇಂಟ್ರೋಗ್ರೆಶನ್’ ಒಂದೇ ಬಾಕಿ. ಸಂದರ್ಭ ಹೀಗಿದೆ: ಆಫ್ರಿಕಾದಿಂದ ಹೊರಟ ನಮ್ಮ ಪೂರ್ವಿಕರು ನಿಯಾಂಡರ್ಥಲರ (ಈಗ ಅಳಿದುಹೋಗಿರುವ ಇನ್ನೊಂದು ಬಗೆಯ ಮಾನವರ) ಜೊತೆ ಕೂಡಿದರು. ಹುಟ್ಟಿದ ಮಕ್ಕಳು ನಮ್ಮವರ ನಡುವೆಯೇ ಬೆಳೆದು, ಅವರ ಸಂತಾನ ಮತ್ತೆ ಮತ್ತೆ ನಮ್ಮವರೊಡನೆಯೇ ಕೂಡಿ, ಕೊನೆಗೆ ನಿಯಾಂಡರ್ಥಲ್ ಡಿಎನ್‌ಎಯ ಚೂರುಗಳಷ್ಟೇ ಉಳಿದವು. ಆಫ್ರಿಕಾದಾಚೆಯ ಮೂಲದವರಲ್ಲಿ ಇವತ್ತು ಅದು ಸುಮಾರು ಶೇ. 2. ನಾನು ‘ಸಂಕರ’ ಎಂದು ಬರೆದಿದ್ದೆ, ಪರಿಶೀಲಿಸಿದವರು ಹೊಡೆದುಹಾಕಿದ್ದಾರೆ. ಶೀರ್ಷಿಕೆಯಲ್ಲಿ ಕೂರುವಂಥ ಪದ ಬೇಕು. ವಿವರಣೆ ಬೇಡ, ಅದಕ್ಕೆ ಜಾಗವಿಲ್ಲ.

———

ಅಂತಃಸಂಕ್ರಮಣ. ಚರ್ಚೆಯ ಅಗತ್ಯವೇ ಇಲ್ಲ. ಲ್ಯಾಟಿನ್ನಿನ ‘ಇಂಟ್ರೋ’ ಎಂದರೆ ಒಳಕ್ಕೆ, ‘ಗ್ರಾಡಿ’ ಎಂದರೆ ಹೆಜ್ಜೆಯಿಡು. ನಮ್ಮ ‘ಕ್ರಮ್’ ಧಾತುವಿನದೂ ಅದೇ ಅರ್ಥ. ಇಷ್ಟು ಕರಾರುವಾಕ್ಕಾಗಿ ಕೂರುವ ಪದ ಇನ್ನೊಂದು ಸಿಕ್ಕದು.

———

ಧಾತು ಕೂರುತ್ತದೆ, ಓದುಗ ಎದ್ದುಹೋಗುತ್ತಾನೆ. ‘ಸಂಕ್ರಮಣ’ ಅಂದಕೂಡಲೇ ಜನಕ್ಕೆ ಹೊಳೆಯುವುದು ಸಾಂಕ್ರಾಮಿಕ ರೋಗ. ಕೋವಿಡ್ ಉಲ್ಬಣಿಸುವ ಅಪಾಯ ಹೆಚ್ಚಿಸುವ ತುಣುಕೊಂದು ಮೂರನೇ ವರ್ಣತಂತುವಿನಲ್ಲಿದೆ, ಅದು ನಿಯಾಂಡರ್ಥಲರಿಂದ ಬಂದದ್ದು ಎಂದು 2020ರಲ್ಲಿ ಗೊತ್ತಾಯಿತಲ್ಲ. ಅದೂ ಫಲಕದಲ್ಲಿದ್ದರೆ ಓದಿದವರು ಸೋಂಕೇ ಅವರಿಂದ ಬಂತೆಂದು ತಿಳಿಯುತ್ತಾರೆ. ‘ಒಳಬೆರಕೆ’ ಎನ್ನಿ. ಬೆರೆ, ಬೆರಕೆ, ಒಳಬೆರಕೆ. ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಿಲ್ಲ.

———

ಇಬ್ಬರೂ ಪದದ ಕುಲಗೋತ್ರ ನೋಡುತ್ತಿದ್ದೀರಿ, ಅದು ಮಾಡಬೇಕಾದ ಕೆಲಸವನ್ನಲ್ಲ. ತಳಿವಿಜ್ಞಾನ ಪಾಠ ಮಾಡುವವಳು ನಾನು. ಎರಡು ಉದಾಹರಣೆ ಕೊಡುತ್ತೇನೆ, ಪದವನ್ನು ಅವಕ್ಕೆ ಹಚ್ಚಿ ನೋಡಿ.

ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಮೂಳೆಚೂರೊಂದರ ಡಿಎನ್‌ಎ ವಿವರ 2018ರಲ್ಲಿ ಪ್ರಕಟವಾಯಿತು. ಸುಮಾರು 90,000 ವರ್ಷ ಹಿಂದೆ ಬದುಕಿದ್ದ ಹುಡುಗಿ ಅವಳು. ತಾಯಿ ನಿಯಾಂಡರ್ಥಲ್, ತಂದೆ ಡೆನಿಸೋವನ್, ಅಂದರೆ ಆ ಗುಹೆಯ ಹೆಸರನ್ನೇ ಪಡೆದ, ಅಳಿದುಹೋದ ಮತ್ತೊಂದು ಬಗೆಯ ಮಾನವ. ಪ್ರತಿ ಜೋಡಿ ವರ್ಣತಂತುವಿನಲ್ಲಿ ಒಂದು ಇಡಿಯಾಗಿ ಅಮ್ಮನ ಕಡೆಯದು, ಇನ್ನೊಂದು ಅಪ್ಪನ ಕಡೆಯದು. ಇದು ಸಂಕರ. ಇಂಟ್ರೋಗ್ರೆಶನ್ ಅಲ್ಲವೇ ಅಲ್ಲ.

ಇನ್ನೊಂದು, ಟಿಬೆಟಿಗರ ಇಪಿಎಎಸ್1 ವಂಶವಾಹಿ. ಆಮ್ಲಜನಕ ವಿರಳವಾದ ಎತ್ತರದಲ್ಲಿ ಹಿಮೋಗ್ಲೋಬಿನ್ ವಿಪರೀತ ಏರದಂತೆ ತಡೆಯುವ ರೂಪವೊಂದು ಅವರಲ್ಲಿದೆ. ಅದರ ಮೂಲ ಡೆನಿಸೋವನ್ನರಲ್ಲಿದೆ ಎಂಬುದು 2014ರಲ್ಲಿ ತಿಳಿಯಿತು. ಅದನ್ನು ಹೊತ್ತು ತಂದ ಪೂರ್ವಿಕರ ಉಳಿದ ಡೆನಿಸೋವನ್ ಪಾಲು ತಲೆಮಾರಿಗೊಮ್ಮೆ ಅರ್ಧಕ್ಕರ್ಧ ಕರಗುತ್ತ ಬಹುಮಟ್ಟಿಗೆ ಅಳಿದಿದೆ. ಬದುಕಿಗೆ ಒದಗಿದ್ದರಿಂದ ಈ ಚೂರು ಮಾತ್ರ ನಿಂತಿತು, ಹಬ್ಬಿತು. ನಮಗೆ ಬೇಕಾದ ಪದ ಇದಕ್ಕೆ ಹೊಂದಬೇಕು, ಆ ಹುಡುಗಿಗೆ ಹೊಂದಬಾರದು. ‘ಬೆರಕೆ’ ಎರಡಕ್ಕೂ ಹೊಂದುತ್ತದೆ, ಹಾಗಾಗಿ ಆಗದು. ಮೇಲಾಗಿ ‘ಕಲಬೆರಕೆ’ಯ ಕೊಳೆ ಅದಕ್ಕೆ ಅಂಟಿದೆ. ಮನುಷ್ಯರ ವಿಷಯದಲ್ಲಿ ಆ ವಾಸನೆಯೂ ಸುಳಿಯಬಾರದು. ‘ಒಳಹರಿವು’ ಚೆನ್ನಾಗಿದೆ, ಆದರೆ ‘ಹರಿವು’ ಅನ್ನು ಜೀನ್ ಫ್ಲೋಗೆ, ಅಂದರೆ ವಂಶವಾಹಿಗಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಸಾಗುವುದಕ್ಕೆ, ಮೀಸಲಿಡಬೇಕು.

‘ಒಳಸೇರಿಕೆ’ ನನ್ನ ಆಯ್ಕೆ. ಬಂದು ಸೇರಿತು, ಸೇರಿ ಉಳಿಯಿತು, ಎರಡೂ ಅದರಲ್ಲಿವೆ. ಶೀರ್ಷಿಕೆಗೆ ‘ವಂಶವಾಹಿಗಳ ಒಳಸೇರಿಕೆ’.

———

ಒಳಸೇರಿಕೆ ಒಪ್ಪಿದೆ, ಮೇಡಂ. ‘ವಂಶವಾಹಿ’ ಒಪ್ಪುವುದಿಲ್ಲ, ಅದಕ್ಕೆ ಅಚ್ಚಗನ್ನಡದ ‘ಪೀಳಿ’ ಇದೆಯಲ್ಲ. ಇನ್ನು ‘ನಿಯಾಂಡರ್ಥಲ್’ನಲ್ಲಿ ಆ ಥ ಏಕೆ? ಜರ್ಮನ್ನಲ್ಲಿ ಅದು ‘ಟಾಲ್’, ಕಣಿವೆ ಎಂದರ್ಥ. ಹಿಂದೆ ಟಿ ಪಕ್ಕ ಎಚ್ ಬರೆಯುತ್ತಿದ್ದರು, ಆಗಲೂ ಉಲಿಯುತ್ತಿದ್ದುದು ಟ. 1901ರ ಕಾಗುಣಿತ ಸುಧಾರಣೆಯಲ್ಲಿ ಆ ಎಚ್ ಅನ್ನೂ ಬಿಟ್ಟರು. ವಿಲಿಯಂ ಕಿಂಗ್ 1864ರಲ್ಲಿ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿ ಹಳೆಯ ಕಾಗುಣಿತ ಉಳಿದುಕೊಂಡಿತು, ಅಷ್ಟೆ. ಅವರೇ ಬಿಟ್ಟ ಮಹಾಪ್ರಾಣವನ್ನು ನಾವು ಹೊರುವುದೇಕೆ? ‘ನಿಯಾಂಡರ್ಟಾಲ್’ ಎಂದು ಬರೆಯಿರಿ.

———

ಮಹಾಪ್ರಾಣ ಕಂಡರೆ ನಿಮಗೇಕೆ ಇಷ್ಟು ಉರಿ? ಟ ಸರಿ, ಒಪ್ಪುತ್ತೇನೆ. ಆದರೆ ಆ ಕಣಿವೆಯ ಹೆಸರು ಬಂದದ್ದೆಲ್ಲಿಂದ ನೋಡಿ. ಯೋಆಖಿಮ್ ನೆಆಂಡರ್ ಎಂಬ 17ನೇ ಶತಮಾನದ ಪಾದ್ರಿಯಿಂದ. ಅವರ ಮನೆತನದ ಮೂಲ ಹೆಸರು ನಾಯ್‌ಮನ್, ಅಂದರೆ ಹೊಸಬ. ಅದನ್ನೇ ಗ್ರೀಕಿಗೆ ತಿರುಗಿಸಿ ನೆಆಂಡರ್ ಎಂದುಕೊಂಡರು. ಗ್ರೀಕಿನ ‘ನೆಓಸ್’ಗೂ ನಮ್ಮ ‘ನವ’ಕ್ಕೂ ಮೂಲ ಒಂದೇ, ‘ಅನೇರ್’ಗೂ ‘ನರ’ಕ್ಕೂ ಒಂದೇ. ಅಂದರೆ ಅದು ‘ನವನರ’ರ ಕಣಿವೆ. ಜರ್ಮನರು ತಮ್ಮ ಮನೆತನದ ಹೆಸರಿಗೇ ಗ್ರೀಕನ್ನು ಎರವಲು ತಂದರು, ಅದರಿಂದ ಜರ್ಮನ್ ಸಾಯಲಿಲ್ಲ. ‘ಪೀಳಿ’ ನಿಮ್ಮ ನಾಲ್ಕು ಗೆಳೆಯರಾಚೆ ಯಾರಿಗೂ ಗೊತ್ತಿಲ್ಲ. ‘ವಂಶವಾಹಿ’ ಪಠ್ಯಪುಸ್ತಕ ಓದಿದ ಪ್ರತಿ ಮಗುವಿಗೂ ಗೊತ್ತು.

———

ಗೊತ್ತಿರುವುದು ಕಲಿಸಿದ್ದರಿಂದ. ‘ಪೀಳಿ’ ಕಲಿಸಿ, ಅದೂ ಗೊತ್ತಾಗುತ್ತದೆ.

———

ಎಲ್ಲರಿಗೂ ಕೃತಜ್ಞತೆ. ‘ವಂಶವಾಹಿಗಳ ಒಳಸೇರಿಕೆ’ ಎಂದು ಹಾಕಿದೆ, ಪರಿಶೀಲಕರೂ ಒಪ್ಪಿದರು. ಮೇಡಂ ಹೇಳಿದ ಹುಡುಗಿಗೆ ಬೇರೆ ಫಲಕವಿದೆ, ಅಲ್ಲಿ ‘ಸಂಕರ’ ಉಳಿಸಿದ್ದೇನೆ. ‘ಥ’ ಈ ಸಲ ಹಾಗೇ ಹೋಗುತ್ತದೆ. ಉಳಿದ ಫಲಕಗಳು ಆಗಲೇ ಅಚ್ಚಾಗಿವೆ.